ಮಾತಿನಮಲ್ಲಿ ಅರ್ಡಿಸ್ ಮತ್ತು ಬಿಳಿಯ ಕ್ರೌಂಚ

ಅರ್ಡಿಸ್ ಕೋಲ್ಬೆಕ್‌ಳನ್ನು ನಾನು ಮೊದಲು ಕಂಡದ್ದು ಒಂದು ಶುಕ್ರವಾರ ಸಂಜೆ, ನಮ್ಮೂರಿನ ಮೀನೂಟದ ಹೋಟೆಲಿನಲ್ಲಿ. ವಿಸ್ಕಾನ್ಸಿನ್‌ನ ಈ ಸಣ್ಣ ಊರಿನ ಶಾಲೆಗೆ ನಾನು ಮೇಷ್ಟರಾಗಿ ಬಂದು ಆಗಿನ್ನೂ ವಾರವೂ ಕಳೆದಿರಲಿಲ್ಲ. ಆಕೆ ಅಲ್ಲಿ ಬಡಿಸುವ ಕೆಲಸದಲ್ಲಿದ್ದಳು. ಕರಿದ ಮೀನು, ರೈ ಹಿಟ್ಟಿನ ರೊಟ್ಟಿ, ಕೋಸಿನ ಪಚಡಿ ನನ್ನ ಮೇಜಿಗೆ ಬರುವಷ್ಟರಲ್ಲಿ ನನ್ನ ಮನೆಯೊಡತಿಯ ಮಂಡಿನೋವು, ಪಾದ್ರಿಗಳ ನಾಯಿ ಮಾಡಿದ ಕಳ್ಳತನ, ಹಿಂದಿನ ಮೇಷ್ಟರು ಊರು ಬಿಟ್ಟ ನಿಜವಾದ ಕಾರಣ ಎಲ್ಲವೂ ಆಕೆಯ ಬಾಯಿಂದ ನನಗೆ ತಿಳಿದುಹೋಗಿದ್ದವು. ಮೀನು ತಣ್ಣಗಾಗಿತ್ತು. ಆದರೂ ಎದ್ದು ಹೋಗಲು ಮನಸ್ಸು ಬರಲಿಲ್ಲ.

ಆಕೆಯ ಗಂಡ ಓರಿನ್ ಕ್ರ್ಯಾನ್‌ಬೆರಿ ಹಣ್ಣಿನ ತೋಟದಲ್ಲಿ ನೀರು ಕಟ್ಟುವವನು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಮನೆಯಲ್ಲಿ ಮಾತಿಗೆ ಬರವಿಲ್ಲದ ಮೇಲೆ ಅವನಾದರೂ ಯಾಕೆ ಆಡಬೇಕು ಎಂದು ಊರವರು ನಗುತ್ತಿದ್ದರು.

ಕೆಲವು ವರ್ಷಗಳ ನಂತರ ಆ ಹೋಟೆಲು ಮುಚ್ಚಿತು. ಆ ವಸಂತದಲ್ಲಿಯೇ ಊರಿಗೆ ಅಂಟಿಕೊಂಡಂತಿರುವ ಪಕ್ಷಿಧಾಮದವರು ಬಿಳಿ ಕ್ರೌಂಚದ ಮರಿಗಳನ್ನು ಸಾಕಲು ಜನ ಬೇಕೆಂದು ಕೇಳಿದರು. ಜಗತ್ತಿನಲ್ಲಿ ಕೆಲವೇ ನೂರು ಅಳಿದುಳಿದಿರುವ, ಉದ್ದ ಕಾಲಿನ ದೊಡ್ಡ ಹಕ್ಕಿಗಳವು. ಪೆಟ್ಟಿಗೆಯ ಕಾವಿನಲ್ಲಿ ಮೊಟ್ಟೆಯೊಡೆದ ಮರಿ ಮನುಷ್ಯನ ಮುಖ ಕಂಡರೆ, ದನಿ ಕೇಳಿದರೆ, ಅವನನ್ನೇ ತನ್ನ ಕುಲವೆಂದು ನಂಬಿಬಿಡುತ್ತದೆ. ಆಮೇಲೆ ಅದಕ್ಕೆ ಕಾಡು ಒಗ್ಗುವುದಿಲ್ಲ. ಆದ್ದರಿಂದ ಸಾಕುವವರು ತಲೆಯಿಂದ ಕಾಲಿನವರೆಗೆ ಬಿಳಿಯ ನಿಲುವಂಗಿ ತೊಟ್ಟು, ಮುಖ ಮರೆಸಿಕೊಂಡು, ಒಂದು ಕೈಗೆ ಕ್ರೌಂಚದ ತಲೆಯಂಥ ಗೊಂಬೆ ಸಿಕ್ಕಿಸಿಕೊಂಡು ಒಳಗೆ ಹೋಗಬೇಕು. ಬೇಲಿ ದಾಟಿದ ಮೇಲೆ ತುಟಿ ಪಿಟಕ್ಕೆನ್ನುವಂತಿಲ್ಲ.

ಅರ್ಡಿಸ್ ಆ ಕೆಲಸಕ್ಕೆ ಹೆಸರು ಕೊಟ್ಟು ಬಂದಳು. ಆ ದಿನ ಇಸ್ಪೀಟಿಗೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಿನ್ ಮಾತ್ರ ನಗಲಿಲ್ಲ. ಎಲೆಗಳನ್ನು ಮೇಜಿನ ಮೇಲೆ ಕವುಚಿಟ್ಟ.

“ಅಲ್ಲಿ ಬಾಯಿ ಮುಚ್ಕೊಂಡಿದ್ದು ಸಾಯಂಕಾಲ ಮನೆಗೆ ಬರ್ತಾಳಲ್ಲ, ಆಗ ನನ್ನ ಗತಿ ಏನು ಅಂತ ಯಾರಾದ್ರೂ ಯೋಚ್ನೆ ಮಾಡಿದೀರಾ?”

ಅವನ ಭಯ ಸುಳ್ಳಾಗಲಿಲ್ಲ. ಆದರೆ ಬೇಲಿಯೊಳಗೆ ಅರ್ಡಿಸ್ ಒಂದು ಸೊಲ್ಲೂ ಎತ್ತಲಿಲ್ಲ. ಆಕೆಯ ಪಾಲಿಗೆ ಬಂದದ್ದು ಕಾಲಿಗೆ ಗುರುತಿನ ಹಸಿರು ಬಳೆ ಹಾಕಿದ್ದ, ಸರಿಯಾಗಿ ತಿನ್ನದ ಒಂದು ಮರಿ. ಗೊಂಬೆಯ ಕೊಕ್ಕಿನಿಂದ ಹುಳ ಎತ್ತಿ ತೋರಿಸಿ, ಜೊಂಡಿನ ನಡುವೆ ಸಿಗಡಿ ಹುಡುಕುವುದನ್ನು ಕಲಿಸಿ, ಬೇಸಿಗೆಯುದ್ದಕ್ಕೂ ಅದನ್ನು ಹಿಂದೆ ಹಾಕಿಕೊಂಡು ಜೌಗಿನಲ್ಲಿ ತಿರುಗಿದಳು. ಒಮ್ಮೆ ನಿಲುವಂಗಿಯೊಳಗೆ ಕಣಜ ಹೊಕ್ಕು ಕಂಡಕಂಡಲ್ಲಿ ಕುಟುಕಿತು. ಅರ್ಡಿಸ್ ಹಲ್ಲು ಕಚ್ಚಿಕೊಂಡು ಎರಡು ಕೈಯನ್ನೂ ಬೀಸುತ್ತ ಎಗರಿದಳು. ಮರಿಯೂ ರೆಕ್ಕೆ ಬಿಚ್ಚಿ ಜೊತೆಗೆ ಎಗರಿತು. ದೂರದ ಮರೆಯಿಂದ ನೋಡುತ್ತಿದ್ದ ಪಕ್ಷಿಧಾಮದ ಅಧಿಕಾರಿ ರೆನಾಟಾ, ಕ್ರೌಂಚಗಳ ಕುಣಿತವನ್ನು ಇಷ್ಟು ಚೆನ್ನಾಗಿ ಯಾರೂ ಕಲಿಸಿರಲಿಲ್ಲ ಎಂದು ಸಂಜೆ ಹೊಗಳಿದಳಂತೆ. ಬಾತ ಕುತ್ತಿಗೆ ಸವರಿಕೊಳ್ಳುತ್ತ ಅರ್ಡಿಸ್ ಇದನ್ನು ನನಗೆ ಹೇಳಿದಾಗ ಇಬ್ಬರೂ ಬಹಳ ಹೊತ್ತು ನಕ್ಕೆವು.

ಶರತ್ಕಾಲಕ್ಕೆ ಮರಿಗಳನ್ನು ಹಾರಲು ಬಿಟ್ಟರು. ಹಸಿರು ಬಳೆಯ ಹಕ್ಕಿ, ಚಳಿಗೆ ಮುಂಚೆ ಕ್ರೌಂಚಗಳೆಲ್ಲ ಹಿಡಿಯುವ ದಕ್ಷಿಣದ ದಾರಿ ಹಿಡಿಯಲಿಲ್ಲ. ಊರಂಚಿನ ಗಿರಣಿಯ ಅಂಗಳದಲ್ಲಿ ಚೆಲ್ಲಿದ ಜೋಳದ ರುಚಿ ಹತ್ತಿ ಅಲ್ಲಿಯೇ ಇಳಿಯತೊಡಗಿತು. ಜನರಿಗೆ ಅದೊಂದು ಹಬ್ಬವೇ ಆಯಿತು. ಕೆಲವರು ಪಟ ತೆಗೆದರು, ಕೆಲವರು ರೊಟ್ಟಿ ಎಸೆದರು. ರೆನಾಟಾ ಓಡಿ ಬಂದಳು. ಹೀಗೇ ಮನುಷ್ಯರ ಸಲಿಗೆ ಬೆಳೆದರೆ ಹಕ್ಕಿಯನ್ನು ಹಿಡಿದು, ಬದುಕಿರುವ ತನಕ ಬಲೆಯ ಮನೆಯಲ್ಲಿ ಇಡಬೇಕಾಗುತ್ತದೆ, ಅದು ಈಗಲೇ ಚೆನ್ನಾಗಿ ಹೆದರಬೇಕು ಎಂದಳು. ಅದನ್ನು ಹೆದರಿಸಲು ಯಾರಿಗೂ ಮನಸ್ಸಾಗಲಿಲ್ಲ. ಗಿರಣಿಯವನೊಬ್ಬ ಮೆಲ್ಲಗೆ ಚಪ್ಪಾಳೆ ತಟ್ಟಿದ. ಹಕ್ಕಿ ಕತ್ತು ವಾರೆ ಮಾಡಿ ಅವನನ್ನು ನೋಡಿ, ಮತ್ತೆ ಜೋಳ ಹೆಕ್ಕಿತು.

ಅರ್ಡಿಸ್ ತನ್ನ ಕಾರಿನಿಂದ ಕಬ್ಬಿಣದ ಬಾಣಲೆ, ಸೌಟು ತಂದಳು. ನೀವು ಬೇಡ, ಬೇರೆ ಯಾರಾದರೂ ಓಡಿಸಲಿ ಎಂದು ರೆನಾಟಾ ಆಕೆಯ ತೋಳು ಹಿಡಿದಳು.

“ಬೇರೆಯವರು ಮೆತ್ತಗೆ ಓಡಿಸ್ತಾರೆ ಕಣಮ್ಮ. ಮೆತ್ತಗೆ ಹೇಳಿದ್ರೆ ಅದಕ್ಕೆ ಅರ್ಥ ಆಗಲ್ಲ. ನಂಗೆ ಗೊತ್ತು ಅದರ ಬುದ್ಧಿ.”

ಹಕ್ಕಿಗೆ ಆಕೆಯ ಗುರುತು ಹತ್ತುವಂತಿರಲಿಲ್ಲ. ಆ ಮುಖವನ್ನು ಅದು ಎಂದೂ ಕಂಡಿರಲಿಲ್ಲ, ಆ ದನಿಯನ್ನು ಎಂದೂ ಕೇಳಿರಲಿಲ್ಲ. ಅದರ ಪಾಲಿಗೆ ಆಕೆ ಕೆಂಪು ಕೋಟಿನ ಯಾವಳೋ ಹೆಂಗಸು. ಬಾಣಲೆ ಬಡಿಯುತ್ತ ಅರ್ಡಿಸ್ ನೇರವಾಗಿ ಅದರ ಮೇಲೆ ಓಡಿದಳು.

“ಹೋಗಾಚೆ! ಹೋಗು ಅಂದ್ರೆ ಹೋಗು! ಇಲ್ಲಿ ಯಾರನ್ನೂ ನಂಬಬೇಡ. ನನ್ನನ್ನೂ ನಂಬಬೇಡ!”

ಹಕ್ಕಿ ಬೆಚ್ಚಿ ಮೇಲೆದ್ದು ಪಕ್ಕದ ಹೊಲದಲ್ಲಿ ಇಳಿಯಿತು. ಅರ್ಡಿಸ್ ಚರಂಡಿ ದಾಟಿ ಅಲ್ಲಿಗೂ ಹೋದಳು. ಅದು ಮತ್ತೂ ಆಚೆ ಹಾರಿತು. ಆಕೆ ಹಿಂದಿರುಗಿದಾಗ ಬೂಟಿನ ತುಂಬ ಕೆಸರು, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಅಲ್ಲಿಗೆ ಬಂದಿದ್ದ ಓರಿನ್ ಬಾಣಲೆಯನ್ನು ಆಕೆಯ ಕೈಯಿಂದ ತೆಗೆದುಕೊಂಡ.

ಮರುದಿನವೂ ಹಕ್ಕಿ ಬಂದಿತು. ದೂರದಲ್ಲಿ ಕೆಂಪು ಕೋಟು ಕಾಣುತ್ತಲೇ ಎದ್ದು ಹೋಯಿತು. ಅದಾದ ಮೇಲೆ ಬರಲಿಲ್ಲ. ಬೂದು ಕ್ರೌಂಚಗಳ ಗುಂಪಿನ ಹಿಂದೆ ಹಾರಿಹೋದುದನ್ನು ಕಂಡವರಿದ್ದರು. ಚಳಿಗಾಲದಲ್ಲಿ, ದಕ್ಷಿಣದ ಯಾವುದೋ ಜೌಗಿನಲ್ಲಿ ಅದು ಮೇಯುತ್ತಿದೆಯೆಂದು ರೆನಾಟಾ ಸುದ್ದಿ ತಂದಳು. ಅರ್ಡಿಸ್ ಕೇಳಿದ್ದು ಒಂದೇ: ಜನರನ್ನು ಕಂಡರೆ ಓಡುತ್ತದೆಯೆ? ದೋಣಿಯ ಸದ್ದಿಗೇ ಓಡುತ್ತದೆ ಎಂದಳು ರೆನಾಟಾ.

“ಹಾಗಾದ್ರೆ ಸರಿ,” ಎಂದು ಅರ್ಡಿಸ್ ಕಣ್ಣೊರೆಸಿಕೊಂಡು, ಪಾದ್ರಿಗಳ ಹೊಸ ನಾಯಿಯ ವಿಷಯ ಶುರು ಮಾಡಿದಳು.

ಈಗ ಆಕೆಗೆ ಎಪ್ಪತ್ತು ದಾಟಿದೆ. ಜೌಗಿನಲ್ಲಿ ನಡೆಯಲು ಮಂಡಿ ಕೇಳುವುದಿಲ್ಲ. ಅಕ್ಟೋಬರ್ ಬಂತೆಂದರೆ ಓರಿನ್ ಆಕೆಯನ್ನು ಗಿರಣಿಯ ಬಾಗಿಲಿಗೆ ಬಿಟ್ಟು, ಮಡಿಸುವ ಕುರ್ಚಿ ಹಾಕಿಕೊಟ್ಟು ಹೋಗುತ್ತಾನೆ. ಫ್ಲಾಸ್ಕಿನಲ್ಲಿ ಕಾಫಿ, ತೊಡೆಯ ಮೇಲೆ ಬಾಣಲೆ. ಎಳೆಯ ಕ್ರೌಂಚ ಯಾವುದಾದರೂ ಇಳಿದರೆ ಎದ್ದು ಬಡಿಯುತ್ತಾಳೆ. ಇಳಿಯದ ದಿನ ಲಾರಿಯವರನ್ನು ನಿಲ್ಲಿಸಿಕೊಂಡು ಮಾತಾಡುತ್ತಾಳೆ. ಜೋಳ ಇಳಿಸುವುದು ತಡವಾಗುತ್ತಿದೆಯೆಂದು ಗಿರಣಿಯವನು ಮೊನ್ನೆಯೂ ನನ್ನಲ್ಲಿ ದೂರಿಕೊಂಡ.