ಊಟದ ಹಲ್ಲು, ಊದುವ ತುಟಿ

ಕೊಪ್ಪಳ ಜಿಲ್ಲೆ ಆಗಬೇಕು ಅಂತ ಗಂಟಲು ಹರಕೊಂಡು ಕೂಗಿದವರಲ್ಲಿ ನಾನೂ ಒಬ್ಬ. 1997ರಲ್ಲಿ ಜಿಲ್ಲೆ ಆಯಿತು, ಮೆರವಣಿಗೆ ತೆಗೆದೆವು. ಪ್ಯಾಟಿ ಮುಟ್ಟುವಷ್ಟರಲ್ಲಿ ನಮ್ಮ ಘೋಷಣೆಗಳು ಸೋತುಹೋದವು. ಆಗ ಭಾಗ್ಯನಗರದ ಬ್ಯಾಂಡಿನವನೊಬ್ಬ ಕ್ಲಾರ್ನೆಟ್‌ನಲ್ಲಿ ಹಳೆ ಹಿಂದಿ ಹಾಡು ಎತ್ತಿಕೊಂಡ. ಪ್ರೀತಿ ಮಾಡಿದವರ ಹಾಡು, ಜಿಲ್ಲೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಮಂದಿ ಮತ್ತೆ ನಡೆಯತೊಡಗಿದರು. ಭಾಷಣಕ್ಕೆ ಕದಲದವರು ಅದಕ್ಕೆ ಹೆಜ್ಜೆ ಹಾಕಿದರು. ಆ ಕ್ಲಾರ್ನೆಟ್‌ನವನೇ ಖಾಜಾಸಾಬ.

ಅವನ ತಲೆಯಲ್ಲಿ ಇದ್ದದ್ದು ಒಬ್ಬನೇ ಸಂಗೀತ ನಿರ್ದೇಶಕ. ಮುಂಬಯಿಯವನು, ಖಾಜಾಸಾಬ ಹುಟ್ಟುವ ಮೊದಲೇ ಹೆಸರು ಮಾಡಿದವನು. ಇವನು ಅವನ ಹೆಸರು ಹೇಳುವುದಿಲ್ಲ, ‘ಉಸ್ತಾದ್’ ಅಂತಾನೆ. ಯಾಕಪಾ ಅವನೊಬ್ಬನೇ ಅಂದರೆ, “ಹಾಡೋರು ಉಸಿರು ತಗೊಳ್ಳೋ ಜಾಗಾದಾಗ ಕ್ಲಾರ್ನೆಟ್ ಇಟ್ಟಾನ್ರಿ. ಉಳಿದೋರು ನಮ್ಮನ್ನ ಹಿಂದ ನಿಲ್ಲಿಸ್ಯಾರ” ಅಂದಿದ್ದ.

ಉಸ್ತಾದನ ಹಾಡುಗಳಿಗೆ ಅವನು ತನ್ನದೇ ಹೆಸರು ಇಟ್ಟುಕೊಂಡಿದ್ದ. ಮದುವೆಯಲ್ಲಿ ಎಲ್ಲಿ ಊದುತ್ತಾನೋ ಅದೇ ಹೆಸರು. ಮದುಮಗ ಕುದುರೆ ಹತ್ತುವಾಗ ‘ಕುದುರಿ ಹಾಡು’. ಮೆರವಣಿಗೆ ಓಣಿ ಹೊರಳುವಾಗ ‘ಹೊರಳೋ ಹಾಡು’. ಮದುಮಗಳು ತವರು ಬಿಡುವಾಗ ‘ಕಳಿಸೋ ಹಾಡು’. ಈ ಮೂರು ಅವನ ಜೀವ. ಅದರಲ್ಲೂ ಕಳಿಸೋ ಹಾಡು ಊದಿದ ದಿನ ಮನೆಗೆ ಬಂದು ಯಾರ ಜೊತೆಗೂ ಜಗಳಾಡುತ್ತಿರಲಿಲ್ಲ ಅಂತ ಅವನ ಹೆಂಡತಿ ಶಹನಾಜಬೇಗಂ ಹೇಳುತ್ತಾಳೆ.

ಮುಂದೆ ಮೇಲಿನ ಹಲ್ಲು ಉದುರಿದವು. ಲಾಠಿ ಏಟಿಗಲ್ಲ, ಗುಟ್ಕಾಕ್ಕೆ. ಕ್ಲಾರ್ನೆಟ್ ಊದುವವನು ಅದರ ಮೂತಿಯ ಮೇಲೆ ಮೇಲಿನ ಹಲ್ಲು ಊರಬೇಕು. ಹಲ್ಲಿಲ್ಲದಿದ್ದರೆ ಮೂತಿ ಅಲ್ಲಾಡುತ್ತದೆ, ಸ್ವರ ಕೀರಲಾಗುತ್ತದೆ. ಆ ಹೊತ್ತಿಗೆ ಬ್ಯಾಂಡ್ ಕಂಪನಿ ಅವನ ತಂಗಿಯ ಮಗ ಜಿಲಾನಸಾಬನ ಕೈಗೆ ಬಂದಿತ್ತು. ಗಾಡಿ ಮೇಲೆ ಕೀಬೋರ್ಡು, ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಹಿಂದೆ ಜನರೇಟರ್. ಹುಡುಗ ಕೆಟ್ಟವನಲ್ಲ, ಬಾಯಿ ಮಾತ್ರ ಒರಟು.

“ಮಾಮು, ನೀ ಊದಿದ್ರ ಕುದುರಿ ಬೆದರತೈತಿ. ಮಂಗಳೂರಿನ ಮದುವಿ ತನಕ ನೋಡ್ತೀನಿ. ಆಗಲಿಲ್ಲಂದ್ರ ಜನರೇಟರ್ ಗಾಡಿ ತಳ್ಳು. ಮನಿಯಾಗ ಕುಂಡ್ರು ಅನ್ನಂಗಿಲ್ಲ.”

“ಗಾಡಿ ತಳ್ಳೋನು ಹಾಡು ಯಾವ್ದು ಅಂತ ಹೇಳಬಹುದೇನು?”

“ಗಾಡಿ ತಳ್ಳೋನು ಗಾಡಿ ತಳ್ಳಬೇಕು.”

ಮಂಗಳೂರು ಅಂದರೆ ನಮ್ಮ ಯಲಬುರ್ಗಾ ಕಡೆಯದು. ಅಲ್ಲಿನ ಕಾಳಿನ ವ್ಯಾಪಾರಿ ಉಮಾಪತಿಯ ಮಗಳು ಶಿವಲೀಲಾಳ ಮದುವೆ. ತಾಯಿ ಪಾರ್ವತೆಮ್ಮ ಒಂದೇ ಮಾತು ಹೇಳಿ ಕಳಿಸಿದ್ದಳು: ತಾನು ತವರು ಬಿಟ್ಟ ದಿನ ಖಾಜಾಸಾಬ ಊದಿದ ಹಾಡನ್ನೇ ಮಗಳಿಗೂ ಊದಬೇಕು.

ಖಾಜಾಸಾಬ ಕೊಪ್ಪಳಕ್ಕೆ ಹೋಗಿ ಹಲ್ಲಿನ ಡಾಕ್ಟರ್ ಮಹೇಶ್ವರಿಯ ಕುರ್ಚಿಯಲ್ಲಿ ಕೂತ, ತೊಡೆ ಮೇಲೆ ಕ್ಲಾರ್ನೆಟ್ ಇಟ್ಟುಕೊಂಡು. ನಾನೂ ಜೊತೆಗಿದ್ದೆ. ಹಲ್ಲಿನ ಸೆಟ್ ಕೂಡಿಸಿ ಆಕೆ, “ಮೆತ್ತಗಿನ ರೊಟ್ಟಿ ತಿನ್ರಿ ಚಾಚಾ, ಕಟಕ ರೊಟ್ಟಿ ಬ್ಯಾಡ” ಅಂದಳು.

“ರೊಟ್ಟಿ ಹಾಲಿನಾಗ ಅದ್ದಿ ತಿಂತೀನಿ ಡಾಕ್ಟರವ್ವ. ಇದು ಊದಾಕ ಬೇಕು.”

ಅಲ್ಲೇ ಊದಿದ. ಸ್ವರದ ಬದಲು ಸೆಟ್ಟೇ ಕಳಚಿ ಮೂತಿಗೆ ಅಂಟಿಕೊಂಡು ಬಂತು. ಹೊರಗೆ ದವಡೆ ಹಿಡಿದುಕೊಂಡು ಕೂತಿದ್ದ ರೋಗಿಗಳು ನೋವು ಮರೆತು ನಕ್ಕರು. ಮಹೇಶ್ವರಿ ನಗಲಿಲ್ಲ. ಸೆಟ್ಟನ್ನು ಎರಡು ಸಲ ಉಜ್ಜಿ ಸರಿಮಾಡಿದಳು. ಊಟಕ್ಕೆ ಸರಿಹೋಯಿತು, ಊದಲಿಕ್ಕೆ ಆಗಲಿಲ್ಲ. “ಉಗುಳು ತುಂಬಿದ್ರ ಜಾರೋದಽ ಚಾಚಾ. ಸುಳ್ಳು ಹೇಳಂಗಿಲ್ಲ ನಾ” ಅಂದಳು. ಆ ಮಾತು ನನಗೆ ಹಿಡಿಸಿತು.

ಮನೆಗೆ ಬಂದವನು ಕ್ಲಾರ್ನೆಟ್ ಕಳಚಿ ಪೆಟ್ಟಿಗೆಯೊಳಗೆ ಇಟ್ಟ. ಶಹನಾಜಬೇಗಂ ಒಲೆ ಮುಂದಿನಿಂದಲೇ ಕೇಳಿದಳು:

“ನಮ್ಮಪ್ಪ ಸನಾದಿ ಊದತಿದ್ದನಲ್ಲ, ಅವನ ಬಾಯಾಗ ಎಷ್ಟು ಹಲ್ಲಿದ್ದವ್ರಿ?”

“ಸನಾದಿಗೆ ಹಲ್ಲು ಯಾಕ ಬೇಕು? ತುಟಿಯಾಗ ಹಿಡೀತಾರ.”

“ಹಂಗಾದ್ರ ನಿಮಗ ತುಟಿ ಇಲ್ಲೇನು? ನನ್ನ ಬೈಯಾಕ ಚಲೋ ನಡೀತಾವು!”

ಖಾಜಾಸಾಬ ಪೆಟ್ಟಿಗೆ ತೆರೆದು ಕ್ಲಾರ್ನೆಟ್ ಮತ್ತೆ ಜೋಡಿಸಿದ. ಸೆಟ್ ತೆಗೆದು ಗ್ಲಾಸಿಗೆ ಹಾಕಿದ. ಎರಡೂ ತುಟಿ ಒಳಕ್ಕೆ ಮಡಚಿ ಮೂತಿಯನ್ನು ಹಿಡಿದ. ಮೊದಲು ಗಾಳಿ ಬಂತು, ಆಮೇಲೆ ಕೀರಲು, ಆಮೇಲೆ ನೆರೆಮನೆಯವರ ಬೈಗುಳ. ದಿನಾ ಹಿತ್ತಲಲ್ಲಿ ಕೂತು ತುಟಿ ಬಾವು ಬರುವತನಕ ಊದಿದ. ಕುದುರಿ ಹಾಡು ಬರಲೇ ಇಲ್ಲ, ಅದಕ್ಕೆ ಜೋರು ಬೇಕು. ಹೊರಳೋ ಹಾಡು ಅರ್ಧಕ್ಕೆ ಮುರಿಯಿತು. ಕಳಿಸೋ ಹಾಡು ನಿಧಾನದ್ದು, ಅದು ಬಂತು. ಒಂದೇ ತೊಡಕು: ನಡುವೆ ಮೇಲೇರುವ ಸ್ವರ ಸಿಗುತ್ತಿರಲಿಲ್ಲ. ಅದನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಊದಿದ. ಉಸ್ತಾದನ ಹಾಡು ತಿದ್ದಿದೆ ಅಂತ ಎರಡು ದಿನ ಗೊಣಗಿದ.

ಮದುವೆ ದಿನ ಮುಂಜಾನೆಯ ಮೆರವಣಿಗೆಯಲ್ಲಿ ಖಾಜಾಸಾಬ ಜನರೇಟರ್ ಗಾಡಿಯನ್ನೇ ತಳ್ಳಿದ, ಕ್ಲಾರ್ನೆಟ್ ಬಗಲಲ್ಲಿತ್ತು. ಬ್ಯಾಂಡಿನ ಹುಡುಗರು, “ಚಾಚಾ, ಕೈಯಾಗ ಹಿಡದ್ರ ಗಾಡಿಗೆ ಹಾರ್ನ್ ಆಕ್ಕೈತಿ” ಅಂತ ಕಾಡಿದರು. ಮಧ್ಯಾಹ್ನ ಮದುಮಗಳು ಹೊಸ್ತಿಲು ದಾಟಿ ಬಂದಳು. ಅವನು ಹಲ್ಲು ತೆಗೆದು ಅಂಗಿ ಜೇಬಿಗೆ ಹಾಕಿ ಮುಂದೆ ಬಂದು ನಿಂತ.

ಸ್ವರ ಸಣ್ಣದಾಗಿತ್ತು. ಮೊದಲಿನ ಕಸುವು ಇರಲಿಲ್ಲ. ಕೀಬೋರ್ಡು ಅದನ್ನು ನುಂಗಿಹಾಕಿತು. ಉಮಾಪತಿ ಕಿವಿಗೆ ಕೈ ಹಚ್ಚಿ, “ಏನ್ ಊದಾಕತ್ಯಾನ್ರಿ, ಕೇಳವಲ್ದು” ಅಂದ. ಜಿಲಾನಸಾಬ ಒಂದು ಗಳಿಗೆ ಮಾಮನ ಒಳಸೇರಿದ ಬಾಯಿ ನೋಡಿದ. ಆಮೇಲೆ ಕೈ ಚಾಚಿ ಕೀಬೋರ್ಡು ಬಂದ್ ಮಾಡಿದ. ಡ್ರಮ್ಮಿನವನಿಗೂ ಸನ್ನೆ ಮಾಡಿದ.

ಓಣಿ ಸುಮ್ಮನಾಯಿತು. ಒಂದೇ ಕ್ಲಾರ್ನೆಟ್, ಅದೂ ಸನಾದಿಯ ಹಾಂಗ ಮೆತ್ತಗೆ. ಕೆಳಗಿಳಿಸಿದ ಸ್ವರ ಯಾರಿಗೂ ಗೊತ್ತಾಗಲಿಲ್ಲ. ಪಾರ್ವತೆಮ್ಮ ಮಗಳ ಕೈ ಹಿಡಿದು ಹಾಡು ಮುಗಿಯುವ ತನಕ ಬಿಡಲಿಲ್ಲ. ಗಂಡಿನವರು ಅವಸರ ಮಾಡಿದರೆ, “ತಡೀರಿ, ಹಾಡು ಮುಗೀಲಿ. ಇಲ್ಲೇ ಅದಾಳ, ಎಲ್ಲಿ ಓಡಿಹೋಗ್ತಾಳ” ಅಂದಳು.

ಮದುಮಗಳ ಜೀಪು ಹೋದ ಮೇಲೆ ಖಾಜಾಸಾಬ ಜೇಬಿನಿಂದ ಹಲ್ಲು ತೆಗೆದು, ತೊಳೆದು ಹಾಕಿಕೊಂಡು ಊಟದ ಪಂಕ್ತಿಯಲ್ಲಿ ಕೂತ. ಜಿಲಾನಸಾಬ ಪಕ್ಕದಲ್ಲಿ ಬಂದು ಕೂತು ಎಲೆ ನೋಡುತ್ತ ಹೇಳಿದ:

“ಐತವಾರ ಕುಷ್ಟಗ್ಯಾಗ ಮದುವಿ ಐತಿ. ಗಾಡಿಗೆ ಬ್ಯಾರೆ ಮಂದಿ ನೋಡೀನಿ.”

“ಕುದುರಿ ಹಾಡು ಬರಂಗಿಲ್ಲ ನನಗ.”

“ಅದನ್ನ ಕೀಬೋರ್ಡ್‌ನ್ಯಾಗ ಹೊಡೀತೀನಿ. ನೀ ಕಳಿಸೋದು ಊದು.”

“ಹೊಡಿ. ಆದ್ರ ಉಸ್ತಾದಂದು ಹೊಡಿ. ನಾ ಕಲಿಸ್ತೀನಿ.” ಅಂದವನು ಬಡಿಸುವವರ ಕಡೆ ಕೈ ಎತ್ತಿದ. “ಇಲ್ಲೊಂದು ಹೋಳಿಗಿ ಹಾಕ್ರೆಪಾ, ಹಲ್ಲು ಅದಾವು ಈಗ!”