ತುಂಬಿದ ತೊಟ್ಟಿ, ನೀರಡಿಸಿದ ದನ

ಶಿಲ್ಪಾ, ಅಮೋಲ,

ಅಜ್ಜಿ ಏನು ನೌಕರಿ ಮಾಡುತ್ತಿದ್ದಳು ಎಂದು ನೀವು ಕೇಳಿದಾಗ "ದನ ನೀರು ಕುಡಿಯುವುದನ್ನು ನೋಡುವ ಕೆಲಸ" ಎಂದು ಹೇಳುತ್ತಿದ್ದೆ. ನೀವು ನಗುತ್ತಿದ್ದಿರಿ. ಅದು ಚೇಷ್ಟೆಯ ಮಾತಲ್ಲ, ನನ್ನ ಮೊದಲ ನೌಕರಿ ನಿಜವಾಗಿಯೂ ಅದೇ ಆಗಿತ್ತು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಈಗಲೂ ಸಂಕೋಚ. ಆದ್ದರಿಂದ ಬರೆದು ಹೇಳುತ್ತೇನೆ.

ಅದು 1957ರ ಬೇಸಿಗೆ. ಹಿಂದಿನ ನವೆಂಬರಿನಲ್ಲಿ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತ್ತು. ಕಚೇರಿಗಳಲ್ಲಿ ಉರ್ದು, ಮರಾಠಿ ಬಲ್ಲವರು ಬೇಕಾದಷ್ಟಿದ್ದರು. ಕನ್ನಡದಲ್ಲಿ ಬರೆಯಬಲ್ಲವರು ಕಡಿಮೆ. ನಾನು ಭಾತಂಬ್ರಾದ ಶಾಲೆಯಲ್ಲಿ ಕನ್ನಡ ಓದಿದ್ದೆ. ಸಾಯಗಾಂವದ ಮನೆಗೆ ಸೊಸೆಯಾಗಿ ಹೋಗಿ, ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿರುವಾಗಲೇ ನಿಮ್ಮ ಅಜ್ಜನನ್ನು ಕಳೆದುಕೊಂಡು, ತವರಿಗೆ ಮರಳಿದ್ದೆ. ಬೀದರಿನಲ್ಲಿ ನೀರಿನ ಯೋಜನೆಯೊಂದಕ್ಕೆ ಕನ್ನಡ ಬಲ್ಲ ಹೆಣ್ಣುಮಗಳು ಬೇಕೆಂದು ಯಾರೋ ನಮ್ಮಪ್ಪನಿಗೆ ಹೇಳಿದರು. ಹಾಗೆ ನನಗೆ ತಾತ್ಕಾಲಿಕ ಫೀಲ್ಡ್ ಅಬ್ಸರ್ವರ್ ಕೆಲಸ ಸಿಕ್ಕಿತು. ಅಬ್ಸರ್ವರ್ ಎಂದರೆ ನೋಡುವವಳು. ಮಗುವನ್ನು ನನ್ನ ಅವ್ವನ ಹತ್ತಿರ ಬಿಟ್ಟು, ಔರಾದ ತಾಲ್ಲೂಕಿನ ಒಂದು ಹಳ್ಳಿಗೆ ಹೋದೆ. ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮೊಮ್ಮಕ್ಕಳೂ ಈಗ ಓದುಬರಹ ಬಲ್ಲವರು.

ಯೋಜನೆಯ ಸಂಶೋಧಕರು ಶಿವನಂಜಯ್ಯ ಎಂಬವರು, ಮೈಸೂರಿನ ಕಡೆಯವರು. ಪಶುಗಳ ನಡವಳಿಕೆಯನ್ನು ಓದಿಕೊಂಡಿದ್ದ ಅವರು ಅದನ್ನು ನೀರಿನ ಕೆಲಸಕ್ಕೆ ಹೊಂದಿಸಬೇಕೆಂದು ಬಂದಿದ್ದರು. ಆ ಊರಿಗೆಲ್ಲ ಒಂದೇ ಕುಂಟೆ. ಜನ ಕುಡಿಯುವುದೂ ಅದೇ ನೀರು, ದನ ಇಳಿಯುವುದೂ ಅದರಲ್ಲೇ. ಅಲ್ಲಿ ನಾರುಹುಣ್ಣಿನ ಕಾಟ ಬಹಳ. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಬರುತ್ತದೆ. ಅಂಥ ಕಾಲು ನೀರಿಗಿಳಿದರೆ ಹುಳದ ಮರಿಗಳು ನೀರು ಸೇರುತ್ತವೆ, ಆ ನೀರು ಕುಡಿದವರಿಗೆ ಮುಂದಿನ ವರ್ಷ ಅದೇ ಹುಣ್ಣು. ದನ ಕಾಯುವವರು ದನಗಳ ಹಿಂದೆ ಮೊಣಕಾಲುಮಟ ನೀರಿಗಿಳಿಯುತ್ತಿದ್ದರು. ದನಗಳು ಕುಂಟೆಗೆ ಇಳಿಯುವುದು ನಿಲ್ಲದೆ ಜನರ ಕಾಲು ನೀರಿಗಿಳಿಯುವುದು ನಿಲ್ಲದು ಎಂಬುದು ಶಿವನಂಜಯ್ಯನವರ ಲೆಕ್ಕ.

ಆದ್ದರಿಂದ ಕುಂಟೆಯ ಸುತ್ತ ಮುಳ್ಳುಬೇಲಿ ಹಾಕಿಸಿದರು. ಹೆಂಗಸರು ಹಗ್ಗ ಬಿಟ್ಟು ನೀರು ಸೇದಲು ಕಲ್ಲಿನ ಕಟ್ಟೆ ಕಟ್ಟಿಸಿದರು. ಬೇಲಿಯ ಹೊರಗೆ, ಕಟ್ಟೆಗೆ ಹತ್ತಿರವೇ, ದನಗಳಿಗೆ ಉದ್ದನೆಯ ತೊಟ್ಟಿ. ಕುಂಟೆಯ ನೀರನ್ನೇ ಚರ್ಮದ ಚೀಲದಿಂದ ಎತ್ತಿ ತೊಟ್ಟಿಗೆ ಬಿಡುತ್ತಿದ್ದರು. ಊರವರನ್ನು ಕೂಡಿಸಿ ಶಿವನಂಜಯ್ಯನವರು ಎಲ್ಲವನ್ನೂ ವಿವರಿಸಿದರು. ಅವರ ಕನ್ನಡ ಊರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾನು ಪಿಸುದನಿಯಲ್ಲಿ ರಾಚವ್ವನಿಗೆ ಹೇಳಿದರೆ ಅವಳು ಗಟ್ಟಿಯಾಗಿ ಸಾರುತ್ತಿದ್ದಳು. ರಾಚವ್ವ ನಾನಿದ್ದ ಕೋಣೆಯ ಯಜಮಾನಿ. ಅವಳ ಕಾಲಿನಲ್ಲೂ ನಾರು ಎದ್ದಿತ್ತು. ಹೊರಬಂದಷ್ಟು ಹುಳವನ್ನು ಸಣ್ಣ ಕಡ್ಡಿಗೆ ಸುತ್ತಿ ಬಟ್ಟೆ ಕಟ್ಟಿಕೊಂಡಿದ್ದಳು.

ಊರಿನ ಪಾಟೀಲರು ಕೊನೆಗೆ ಒಪ್ಪಿದರು. "ಆತ್ರಿ ಸಾಹೇಬ್ರ, ಬೇಲಿ ಇರ್ಲಿ. ಆದ್ರ ನಮ್ಮ ದನಾ ಆ ತೊಟ್ಟ್ಯಾಗ ಬಾಯಿ ಹಾಕ್ಲಿಲ್ಲಂದ್ರ ಬೇಲಿ ಕಿತ್ತಿ ಒಲಿಗಿ ಹಾಕ್ತೇವಿ. ನೀರು ಎದುರಿಗಿದ್ದು ದನಾ ಒಣಗಸೂದು ಪಾಪ ಅದ."

ನನ್ನ ಕೆಲಸ ತೊಟ್ಟಿಯ ಪಕ್ಕದ ಬೇವಿನ ಕೆಳಗೆ ಕೂತು, ಯಾವ ಹಿಂಡು ಬಂತು, ಎಷ್ಟು ಕುಡಿಯಿತು ಎಂದು ಬರೆಯುವುದು. ಬರೆಯಲು ಏನೂ ಇರಲಿಲ್ಲ. ಮಧ್ಯಾಹ್ನ ಎಮ್ಮೆ, ಆಕಳು, ಕುರಿಗಳ ಹಿಂಡು ಬರುತ್ತಿದ್ದವು. ತುಂಬಿದ ತೊಟ್ಟಿಯನ್ನು ಮೂಸಿ, ತಲೆ ಎತ್ತಿ, ಬೇಲಿಯಾಚೆಯ ಕುಂಟೆಯ ಕಡೆ ಮುಖ ಮಾಡಿ ಒದರುತ್ತಿದ್ದವು. ಕಾಯುವವರು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, ನನ್ನ ಕಡೆ ಕಣ್ಣೆತ್ತದೆ, ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು. ಎರಡು ಹರಿದಾರಿ ದೂರದ ಹಳ್ಳದಲ್ಲಿ ಒರತೆ ತೋಡಿ ನೀರು ಕುಡಿಸುತ್ತಿದ್ದರಂತೆ.

ಮಕ್ಕಳೇ, ಆ ಬೇವಿನ ಕೆಳಗಿನ ದಿನಗಳನ್ನು ಹೇಗೆ ಹೇಳಲಿ? ಬೋಳು ಹಣೆಯವಳು ನಾನು. ಬಿಸಿಲೇರುವ ಮೊದಲು ನೀರಿಗೆ ಬಂದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋಗುತ್ತಿದ್ದರು. ಗಂಡಸರು ದೂರದಿಂದಲೇ ಮುಖ ತಿರುಗಿಸುತ್ತಿದ್ದರು. ಮುಂಜಾನೆಯಿಂದ ಸಂಜೆಯವರೆಗೆ ನನ್ನ ಹೆಸರು ಕರೆಯುವವರಿಲ್ಲ. ಕೆಲವೊಮ್ಮೆ ನನ್ನ ದನಿ ಇದೆಯೋ ಹೋಯಿತೋ ಎಂದು ನೋಡಲು ಬೇವಿಗೇ ಏನಾದರೂ ಹೇಳುತ್ತಿದ್ದೆ.

ಶಿವನಂಜಯ್ಯನವರು ತೊಟ್ಟಿಯ ಸಿಮೆಂಟಿನ ವಾಸನೆ ಹೋಗಲೆಂದು ಸಗಣಿ ಸಾರಿಸಿದರು. ಗೋಡೆಯ ಒಂದು ಬದಿ ತಗ್ಗಿಸಿದರು. ಏನೂ ಆಗಲಿಲ್ಲ.

ಅಷ್ಟರಲ್ಲಿ ನಿಮ್ಮ ಅಪ್ಪನಿಗೆ ಜ್ವರ ಎಂದು ಸುದ್ದಿ ಬಂತು. ಭಾಲ್ಕಿ ಮೂಲಕ ಭಾತಂಬ್ರಾಕ್ಕೆ ಹೋಗಿ, ಮಗು ಚೇತರಿಸಿಕೊಂಡ ಮೇಲೆ ಮರಳಿದೆ. ಬಂದು ನೋಡಿದರೆ ತೊಟ್ಟಿಯ ನೀರು ತಳ ಕಂಡಿತ್ತು. ಸುತ್ತ ಕೆಸರಿನಲ್ಲಿ ಗೊರಸಿನ ಗುರುತುಗಳೇ ಗುರುತುಗಳು. ದನಗಳು ಕುಡಿದಿದ್ದವು! ಸಂತೋಷದಿಂದ ತೊಟ್ಟಿ ತುಂಬಿಸಿ ಬೇವಿನ ಕೆಳಗೆ ಕೂತೆ. ಮಧ್ಯಾಹ್ನ ಹಿಂಡು ಬಂತು. ನನ್ನನ್ನು ಕಂಡು ಕಾಯುವವರು ತಲೆ ತಗ್ಗಿಸಿದರು. ದನಗಳು ಮೂಸಿ ನೋಡಿ ತಿರುಗಿ ಹೋದವು.

ನಾನಿಲ್ಲದಾಗ ಕುಡಿದವು, ನಾನಿದ್ದರೆ ಕುಡಿಯುವುದಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. "ನನ್ನ ಕಂಡ್ರ ದನಾ ಸೈತ ಮುಖಾ ತಿರಗಸ್ತಾವ ರಾಚವ್ವ," ಎಂದೆ.

"ದನಕ್ಕೇನ ಗೊತ್ತವಾ ನಿನ ಹಣಿ ಮ್ಯಾಲ ಕುಂಕುಮ ಅದನೋ ಇಲ್ಲೋ?" ಎಂದು ಬೈದು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆದರೆ ಬೇರೆ ಕಾರಣ ಅವಳಿಗೂ ಗೊತ್ತಿರಲಿಲ್ಲ. ಕಾಲು ನೋವಿನಿಂದ ಅವಳು ಕುಂಟೆಯ ಕಡೆ ಹೋಗಿ ಬಹಳ ದಿನವಾಗಿತ್ತು.

ಮರುದಿನ ಶಿವನಂಜಯ್ಯನವರಿಗೆ, ನಾನು ಕೆಲಸ ಬಿಡುತ್ತೇನೆ ಎಂದೆ. ಕಾರಣವನ್ನೂ ಹೇಳಿದೆ. ಅವರು ನಗಲಿಲ್ಲ.

"ಬಿಡೋದು ಆಮೇಲಾಗಲಿ ಕಣಮ್ಮ. ನೀವಿಲ್ಲದಾಗ ಅಲ್ಲಿ ಏನು ನಡೆಯುತ್ತೆ ಅಂತ ಮೊದಲು ನೋಡೋಣ. ಇವತ್ತು ನೀವು ಮನೆಯಲ್ಲೇ ಇರಿ."

ಅವರು ದುರ್ಬೀನು ತೆಗೆದುಕೊಂಡು ದೂರದ ದಿಬ್ಬದ ಮೇಲೆ ಕೂತರು. ಸಂಜೆ ರಾಚವ್ವನ ಅಂಗಳಕ್ಕೆ ಬಂದರು.

"ದನ ಚೆನ್ನಾಗಿ ಕುಡಿದವು. ಆದರೆ ಒಂದು ಅರ್ಥವಾಗಲಿಲ್ಲ. ಅಲ್ಲಿಗೆ ಬಂದ ಕೂಡಲೇ ಕಾಯೋರೆಲ್ಲ ಹೀಗೆ ಮಾಡ್ತಾರೆ," ಎಂದು ತುಟಿ ಮುಂದೆ ಚಾಚಿ ಉಫ್ ಎಂದು ಗಾಳಿ ಬಿಟ್ಟರು. ಮತ್ತೊಮ್ಮೆ ಚಾಚಿದರು. ರಾಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ನನಗೆ ಥಟ್ಟನೆ ನಮ್ಮಪ್ಪ ಕಣ್ಣ ಮುಂದೆ ಬಂದ. ಭಾತಂಬ್ರಾದ ಬಾವಿಯ ಬಳಿ ಎತ್ತುಗಳಿಗೆ ನೀರು ತೋರಿಸಿ, ಇಳಿದನಿಯಲ್ಲಿ ಉದ್ದಕ್ಕೆ ಸೀಟಿ ಹಾಕುತ್ತಿದ್ದ. ಆ ಸೀಟಿ ಕೇಳುತ್ತಲೇ ಎತ್ತುಗಳು ಬಾಯಿ ಇಳಿಸುತ್ತಿದ್ದವು. ಕರುವಾಗಿನಿಂದ ಅವುಗಳಿಗೆ ಅದೇ ರೂಢಿ. ಇಲ್ಲಿ ಕುಡಿ, ಹೆದರಬೇಡ, ನಾನಿದ್ದೇನೆ ಎನ್ನುವುದು ಆ ಸೀಟಿ. ಹೊಸ ತೊಟ್ಟಿಯ ಮುಂದೆ ಅದು ಕೇಳದಿದ್ದರೆ ದನಗಳು ಹಳೆಯ ಕುಂಟೆಯನ್ನೇ ಹುಡುಕುತ್ತವೆ.

ಹಾಗಾದರೆ ನನ್ನ ಮುಂದೆ ಸೀಟಿ ಏಕೆ ಹಾಕಲಿಲ್ಲ? ಕೇಳಿಕೊಳ್ಳುತ್ತಿದ್ದಂತೆಯೇ ಉತ್ತರ ಹೊಳೆದು ಮುಖ ಬಿಸಿಯಾಯಿತು. ಕುರಿ ಕಾಯುವ ಹಿರಿಯ ಮಾಳಪ್ಪನನ್ನು ರಾಚವ್ವ ಕರೆಸಿದಳು. ಅವನು ಅಂಗಳದ ಹೊರಗೇ ನಿಂತು ಕಂಬಳಿಯ ತುದಿ ಹಿಸುಕಿದ.

"ಹ್ಯಾಂಗ ಹೊಡೀಬೇಕ್ರಿ? ಹರೇದ ಹೆಣ್ಮಗಳು, ಗಂಡನ್ನ ಕಳಕೊಂಡಾಕಿ, ಒಬ್ಬಾಕೀನೇ ಕುಂತಿರ್ತಾರ. ನಾವು ಅವರ ಕಡೆ ಮುಖಾ ಮಾಡಿ ಸೀಟಿ ಹೊಡದ್ರ ಊರಾಗ ಏನಂತಾರ? ನಮಗ ಅಕ್ಕತಂಗೇರಿಲ್ಲೇನ್ರಿ?"

"ಮೊದಲೇ ಹೇಳಬಾರದಿತ್ತೇನಯ್ಯ?" ಎಂದರು ಶಿವನಂಜಯ್ಯ.

"ಇದು ಹೇಳೂ ಮಾತೇನ್ರಿ ಸಾಹೇಬ್ರ?"

ನಾನು ನಾಳೆಯಿಂದ ದಿಬ್ಬದ ಮೇಲೆ ಕೂರುತ್ತೇನೆ ಎಂದೆ. ಮಾಳಪ್ಪ ಒಪ್ಪಿದ. ಕೆಲಸ ಮುಗಿಯಿತೆಂದುಕೊಂಡೆವು. ಆದರೆ ದನ ಸೊರಗಿಹೋಗಿವೆ ಎಂದು ಊರಲ್ಲಿ ಸಿಟ್ಟು ಏರಿತ್ತು. ಮರುದಿನ ಮುಂಜಾನೆಯೇ ಪಾಟೀಲರು ಡಂಗುರ ಹೊಡೆಸಿದರು. ಎಲ್ಲರ ಕಣ್ಣೆದುರು ಹಿಂಡನ್ನು ತೊಟ್ಟಿಗೆ ತರಬೇಕು, ಕುಡಿಯದಿದ್ದರೆ ಅಲ್ಲೇ ಬೇಲಿ ಕೀಳಬೇಕು.

ಊರಿಗೆ ಊರೇ ಕೂಡಿತು. ಕೊಡ ಹೊತ್ತ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ನಿಂತರು. ಸೊಸೆಯಂದಿರು, ಲಗ್ನವಾಗದ ಹುಡುಗಿಯರು, ಎಲ್ಲರೂ. ಹಿಂಡು ಬಂತು. ನಾನೊಬ್ಬಳಿದ್ದಾಗಲೇ ಸೀಟಿ ಹಾಕದ ಗಂಡಸರು ಅಷ್ಟು ಹೆಂಗಸರ ಮುಂದೆ ಹಾಕುವರೇ? ಮಾಳಪ್ಪ ತುಟಿ ಕೂಡಿಸಿದ, ಕಟ್ಟೆಯ ಕಡೆ ನೋಡಿದ, ಕಂಬಳಿಯಿಂದ ಬಾಯಿ ಒರೆಸಿಕೊಂಡ. ಹಿಂಡಿನ ಮುಂದಿದ್ದ ಎಮ್ಮೆ ತೊಟ್ಟಿ ಮೂಸಿ, ಬೇಲಿಯ ಕಡೆ ತಿರುಗಿ ಒದರಿತು.

"ನೋಡ್ರಿ ಸಾಹೇಬ್ರ, ಖರೇ ಆತಿಲ್ಲೋ? ಹಚ್ಚರಿ ಕೈ," ಎಂದರು ಪಾಟೀಲರು. ಇಬ್ಬರು ಆಳುಗಳು ಬೇಲಿಯ ಗೂಟ ಹಿಡಿದರು.

ಶಿವನಂಜಯ್ಯನವರು ಮುಂದೆ ಬಂದು ತುಟಿ ಚಾಚಿದರು. ಗಾಳಿ ಬಂತು, ಸೀಟಿ ಬರಲಿಲ್ಲ. ಹುಡುಗಿಯರು ಕಿಸಕ್ಕೆಂದರು. ರಾಚವ್ವ ಕಡ್ಡಿ ಕಟ್ಟಿದ ಕಾಲೆಳೆಯುತ್ತ ಬಂದು ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಬೇಲಿ ಹೋದರೆ ಮುಂದಿನ ವರ್ಷ ಇನ್ನೆಷ್ಟು ಕಾಲಿಗೆ ಆ ಕಡ್ಡಿಯೋ ಎನಿಸಿತು. ದಿಬ್ಬ ಬಿಟ್ಟು ಬಂದು ಗುಂಪಿನ ಹಿಂದೆ ನಿಂತಿದ್ದ ನಾನು ಮುಂದೆ ಬಂದೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ತೊಟ್ಟಿಯ ಅಂಚಿಗೆ ನಿಂತು, ಎಮ್ಮೆಯೊಂದನ್ನೇ ನೋಡುತ್ತ ಸೀಟಿ ಹಾಕಿದೆ.

ಮೊದಲ ಸಲ ಬಾಯಿ ಒಣಗಿ ದನಿ ಹೊರಡಲಿಲ್ಲ. ಬೊಗಸೆಯಲ್ಲಿ ತೊಟ್ಟಿಯ ನೀರು ತೆಗೆದು ತುಟಿಗೆ ಹಚ್ಚಿಕೊಂಡೆ. ಎರಡನೆಯ ಸಲ ನಮ್ಮಪ್ಪನ ಸೀಟಿಯೇ ಬಂತು, ಇಳಿದನಿ, ಉದ್ದಕ್ಕೆ. ಎಮ್ಮೆಯ ಒಂದು ಕಿವಿ ಹೊರಳಿತು. ಆಮೇಲೆ ಕುತ್ತಿಗೆ ಹೊರಳಿತು. ನಿಧಾನವಾಗಿ ಬಂದು ನನ್ನ ಕೈ ಪಕ್ಕದಲ್ಲೇ ಬಾಯಿ ಇಳಿಸಿತು. ಅದು ಗುಟುಕರಿಸುವ ಸದ್ದು ಎಲ್ಲರಿಗೂ ಕೇಳಿತು. ಹಿಂದಿನವು ನುಗ್ಗಿ ಬಂದವು. ನಾನು ಉಸಿರು ಸಾಲದೆ ನಿಂತಾಗ ಮಾಳಪ್ಪ ನನ್ನ ಮುಂದೆ ಬಂದ.

"ಸಾಕ ಬಿಡ ತಂಗಿ. ನೀನ ಹೊಡದ ಮ್ಯಾಲ ನಮಗೇನ್ ನಾಚಿಕಿ? ಇನ್ನ ನಾವ್ ಹೊಡಿತೇವಿ."

ಗಂಡಸರೆಲ್ಲ ಒಟ್ಟಿಗೆ ಸೀಟಿ ಹಾಕಿದರು. ಕಟ್ಟೆಯ ಮೇಲಿನ ಮುದುಕಿಯೊಬ್ಬಳು, "ಅಯ್ಯ, ಬಾಯಿಲ್ಲದಾಕಿ ಅಂತಿದ್ವಿ, ಇಡೀ ಊರ ದನಾ ಕರದಳಲ್ಲ!" ಎಂದಳು. ಪಾಟೀಲರು ನಗು ತಡೆಯಲಾರದೆ ಮೀಸೆ ಒರೆಸಿಕೊಂಡು, ಗೂಟ ಬಿಡಿರಿ ಎಂದು ಕೈ ಬೀಸಿದರು.

ಬೇಲಿ ಉಳಿಯಿತು. ಮಳೆಗಾಲಕ್ಕೆ ಶಿವನಂಜಯ್ಯನವರು ಮೈಸೂರಿಗೆ ಮರಳಿದರು. ನನ್ನನ್ನು ಬೇರೆ ಊರಿಗೆ, ಬೇರೆ ತೊಟ್ಟಿಗೆ ಕಳಿಸಿದರು. ಮುಂದೆ ನೌಕರಿ ಕಾಯಂ ಆಯಿತು. ಹೊಸ ಊರಿಗೆ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಒಂದೇ. ನಾನು ಬಂದು ಕೂತದ್ದರಿಂದ ಇಲ್ಲಿ ಏನು ನಿಂತುಹೋಯಿತು? ನೋಡುವವಳು ಮರದ ಹಾಗೆ ಅಲ್ಲ, ಅವಳು ಕೂತರೆ ಊರು ಬದಲಾಗುತ್ತದೆ. ಆ ಕೆಲಸ ನನಗೆ ಇನ್ನೊಂದನ್ನೂ ಕಲಿಸಿತು. ನನ್ನಿಂದ ಮುಖ ತಿರುಗಿಸಿದವರೆಲ್ಲ ನನ್ನನ್ನು ದೂರ ಇಡುತ್ತಿದ್ದಾರೆ ಎಂದು ದಿನಗಟ್ಟಲೆ ನೊಂದಿದ್ದೆ. ಅವರು ನನ್ನ ಮರ್ಯಾದೆ ಕಾಯುತ್ತಿದ್ದರು. ಆದರೂ ಒಂಟಿತನ ಒಂಟಿತನವೇ, ಮಕ್ಕಳೇ. ಮರ್ಯಾದೆ ಮಾತಾಡಿಸುವುದಿಲ್ಲ.

ಆ ದಿನ ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಇವತ್ತು ಏನಾಯಿತು ಗೊತ್ತೇನು ಎಂದು ಹೇಳಬೇಕೆಂದು ಜೀವ ಹಾರುತ್ತಿತ್ತು. ಹೇಳಬೇಕಾಗಿದ್ದದ್ದು ನಿಮ್ಮ ಅಜ್ಜನಿಗೆ, ಅವರು ಇರಲಿಲ್ಲ. ಅವರಿದ್ದಿದ್ದರೆ ನಂಬುತ್ತಿರಲಿಲ್ಲ, ಇನ್ನೊಮ್ಮೆ ಹಾಕಿ ತೋರಿಸು ಎನ್ನುತ್ತಿದ್ದರು. ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಕೇಳದ ಹಾಗೆ, ಒಮ್ಮೆ ಹಾಕಿದೆ.

ಅಂದು ಹೇಳಲಾಗದ ಸುದ್ದಿ ಇದು. ಇಷ್ಟು ವರ್ಷಗಳ ಮೇಲೆ ನಿಮಗೆ ಹೇಳಿದ್ದೇನೆ. ನೀವು ಸಣ್ಣವರಿದ್ದಾಗ ಹಾಲಿನ ಲೋಟ ದೂಡಿದರೆ ಅಜ್ಜಿ ಮೆಲ್ಲಗೆ ಸೀಟಿ ಹಾಕುತ್ತಿದ್ದಳಲ್ಲ, ಅದು ಎಲ್ಲಿಂದ ಬಂತೆಂದು ಈಗ ನಿಮಗೂ ತಿಳಿಯಿತು. ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ನಿಮ್ಮ ಅಜ್ಜನ ಫೋಟೋದ ಕೆಳಗೆ ಇಡಿರಿ. ಮಳೆಗೆ ನೆನೆಯದ ಹಾಗೆ ನೋಡಿಕೊಳ್ಳಿರಿ.