ಪರಿಸರಕ್ಕೆ ಕಕ್ಷಿದಾರ ಯಾರು?

ಮಧುಗಿರಿಯ ನಮ್ಮ ಸೋದರಮಾವನ ಮನೆಯ ಬಚ್ಚಲ ಗೂಡಿನಲ್ಲಿ ನನಗಾಗಿಯೇ ಒಂದು ಔಷಧಾಲಯವಿತ್ತು. ಇದ್ದಿಲ ಮಸಿ, ಉಪ್ಪು, ಕೆಂಪು ಹಲ್ಲುಪುಡಿ, ಬೇವಿನ ಕಡ್ಡಿ, ಎಲ್ಲವೂ ನನ್ನ ಹಲ್ಲಿನ ಕಂದುಬಣ್ಣದ ಮೇಲೆ ದಂಡೆತ್ತಿ ಹೋಗಿ ಸೋತು ಬಂದ ವೀರರು. ನಾನು ಪಾವಗಡದ ಕಡೆಯವಳು, ಕಾಲೇಜಿಗೆಂದು ಮಾವನ ಮನೆ ಸೇರಿದವಳು. ನಿಡುಗಲ್ ಬೆಟ್ಟದ ನೆರಳಿನ ಊರು ನಮ್ಮದು. ಅಲ್ಲಿ ಬಿಳಿ ಹಲ್ಲಿನವರನ್ನು ಕಂಡರೆ ಯಾರ ಮನೆಗೆ ಬಂದ ನೆಂಟರೆಂದು ಕೇಳುತ್ತಿದ್ದೆವು. ನೀರಿನಲ್ಲಿ ಫ್ಲೋರೈಡ್ ಎಂಬುದಿದೆ, ಅದು ಹಲ್ಲನ್ನು ಮುಗಿಸಿ ಮೂಳೆಗೆ ಇಳಿಯುತ್ತದೆ ಎಂದು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಹೇಳಿದ ದಿನ, ಮುದುಕಿಯಾಗುವ ಮೊದಲೇ ಕೋಲು ಹಿಡಿದ ನನ್ನ ಅವ್ವ ಕಣ್ಣಮುಂದೆ ಬಂದಳು. ನೀರನ್ನೇ ಓದಬೇಕೆಂದು ಅಂದೇ ನಿಶ್ಚಯಿಸಿದೆ; ಆ ಓದು ಪರಿಸರ ಎಂಬುದರೊಳಗೆ ಬರುತ್ತದೆಂದೂ ಮೇಷ್ಟ್ರೇ ಹೇಳಿದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪರಿಸರವೆಂದರೆ ಭಾಷಣ ಮಾಡಿ ಸಸಿ ನೆಡುವುದು, ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ನೆಡುವುದು ಎಂದು ಎಲ್ಲರೂ ತಿಳಿದಿದ್ದ ಕಾಲ. ನನ್ನ ಮಾವ ಕಚೇರಿ ಗುಮಾಸ್ತರು. ತಾವು ಓದದ ಸಕಲ ವಿದ್ಯೆಗಳ ಬಗ್ಗೆಯೂ ಖಚಿತ ಅಭಿಪ್ರಾಯವಿದ್ದವರು. ನನ್ನ ಭವಿಷ್ಯದ ವಿಚಾರಣೆಗೆ ಕೊರಟಗೆರೆಯಿಂದ ತಮ್ಮ ವಕೀಲ ಗೆಳೆಯರನ್ನೂ ಕರೆಸಿದರು.

“ಇಂಜಿನಿಯರಿಂಗ್ ಅಂದ್ರೆ ಕಟ್ಟೋದು ಕಣಮ್ಮ ಜಯಾ. ಪರಿಸರದಾಗೆ ಏನ್ ಕಟ್ತೀಯ?” ಎಂದರು ಮಾವ.

“ಹಂಗಾದ್ರೆ ಕಾನೂನು ಓದ್ತೀನಿ,” ಎಂದೆ.

ವಕೀಲರು ನಶ್ಯದ ಡಬ್ಬಿ ಮುಚ್ಚಿದರು. “ನೀರಿಗೂ ಒಂದು ಕಾಯ್ದೆ ಬಂದೈತೆ, ನಮ್ ಕೋರ್ಟಿನಾಗೆ ಯಾರೂ ಬಿಚ್ಚಿ ನೋಡಿಲ್ಲ. ಜಮೀನಿಗೆ ಕಕ್ಷಿದಾರ ಇರ್ತಾನೆ. ಪರಿಸರಕ್ಕೆ ಕಕ್ಷಿದಾರ ಯಾರಮ್ಮ?”

“ನಾನೇ ಆಗ್ತೀನಿ ಸಾರ್.”

“ಕಕ್ಷಿದಾರ ಆದ್ರೆ ವಕೀಲಿಕೆ ಯಾವಾಗ ಮಾಡ್ತೀಯ?”

ಉಳಿದದ್ದು ಸರ್ಕಾರದ ನೀತಿ. ಅದನ್ನು ಎಲ್ಲಾದರೂ ಕಲಿಸುತ್ತಾರೆಯೇ ಎಂದು ಕೇಳಿದ್ದಕ್ಕೆ ಮಾವ ನಿಜಕ್ಕೂ ಬೆರಗಾದರು. “ನೀತಿಪಾಠ ಮೂರನೇ ಕ್ಲಾಸಿಗೇ ಮುಗೀತಲ್ಲಮ್ಮ!”

ಮೂರು ಬಾಗಿಲೂ ಹೀಗೆ ಮುಚ್ಚಿದ ಮೇಲೆ ಹೆಣ್ಣುಮಕ್ಕಳಿಗೆಂದು ಸದಾ ತೆರೆದಿರುವ ನಾಲ್ಕನೆಯದೊಂದಿತ್ತು. ಶಿರಾದಿಂದ ಗಂಡಿನ ಕಡೆಯವರು ಬಂದರು. ಹುಡುಗ ಕೊಳವೆಬಾವಿ ಕೊರೆಸುವ ಇಲಾಖೆಯ ಇಂಜಿನಿಯರು. ಅತ್ತೆಯ ಅಪ್ಪಣೆಯಂತೆ ನಾನು ಹಲ್ಲು ಕಾಣದಂತೆ ತುಟಿ ಬಿಗಿದು ಕೂತಿದ್ದೆ. ಹುಡುಗನ ತಾಯಿ ಅನುಭವಸ್ಥೆ. “ಒಂದು ಹಾಡು ಹೇಳಮ್ಮ,” ಎಂದರು. ಹಾಡಿದೆ. ಪಲ್ಲವಿ ಮುಗಿಯುವ ಮೊದಲೇ ಆಕೆ ಸೂರಿನ ತೊಲೆಗಳನ್ನು ನೋಡತೊಡಗಿದರು. ಕೆಟ್ಟದ್ದು ಕೆಟ್ಟಿತು, ಇನ್ನು ಬಾಯಿ ಮುಚ್ಚುವುದೇಕೆ ಎನ್ನಿಸಿ ನೇರವಾಗಿ ಹುಡುಗನನ್ನೇ ಕೇಳಿದೆ:

“ನಮ್ಮೂರಾಗೆ ನಾವು ಕುಡಿಯೋದು ನಿಮ್ ಇಲಾಖೆ ಬೋರಿಂಗ್ ನೀರು. ಅದು ಹೆಂಗೈತೆ ಅಂತ ಯಾರು ನೋಡ್ತಾರೆ?”

“ನೀರು ಬಂತಾ ಅಂತ ನೋಡೋದು ನಮ್ ಕೆಲ್ಸ. ಹೆಂಗೈತೆ ಅಂತ ನೋಡೋರು ಬೇರೆ.”

“ಯಾರವರು?”

ಪಾಪ, ಪ್ರಾಮಾಣಿಕ ಮನುಷ್ಯ. “ಇನ್ನೂ ಯಾರೂ ಇಲ್ಲ,” ಎಂದು ತಗ್ಗಿದ ದನಿಯಲ್ಲಿ ಹೇಳಿದ. ಮದುವೆಯ ಮಾತು ತಪ್ಪಿದ ನೆಮ್ಮದಿಗೋ ಏನೋ, ಮೊದಲು ಸಿವಿಲ್ ಪದವಿ, ಅದರ ಮೇಲೆ ಎಂ.ಇ.ಯಲ್ಲಿ ಪರಿಸರ ಇಂಜಿನಿಯರಿಂಗ್ ಎಂದು ದಾರಿಯನ್ನೆಲ್ಲ ಬಿಡಿಸಿ ಹೇಳಿದ. ವಾರದೊಳಗೆ ಜಾತಕ ಕೂಡಿಬರಲಿಲ್ಲವೆಂಬ ಸುದ್ದಿ ಬಂತು. ಬೇರೆ ಗಂಡು ಸಿಗುವವರೆಗೆ ಓದಿಕೊಂಡಿರಲಿ ಎಂದು ಮಾವ ಸಿವಿಲ್‌ಗೆ ಸೇರಿಸಿದರು. ಗಂಡು ಸಿಗಲಿಲ್ಲ; ನಾನು ಓದುತ್ತಲೇ ಹೋದೆ.

ವರ್ಷಗಟ್ಟಲೆ ಸಿಮೆಂಟಿನ ಸಹವಾಸ ಮಾಡಿದ ಮೇಲೆ ನೀರಿನ ದರ್ಶನವಾಯಿತು. ಪಠ್ಯದಲ್ಲಿ ಯೂರೋಪಿನ ನದಿಗಳೆಲ್ಲ ಇದ್ದವು, ನಮ್ಮ ಜಯಮಂಗಲಿ ಇರಲಿಲ್ಲ. ಕಾನೂನಿಗೆ ಒಂದು ಅಧ್ಯಾಯ; ನೀತಿಗೆ ಕೊನೆಯ ಪುಟ, ಪರೀಕ್ಷೆಗೆ ಬರುವುದಿಲ್ಲವೆಂದು ಮೇಷ್ಟ್ರೇ ಕೈಬಿಟ್ಟದ್ದು. ದಶಕ ಮುಗಿಯುವ ಹೊತ್ತಿಗೆ ಕೊಳವೆಬಾವಿಯ ಅದೇ ಇಲಾಖೆಯಲ್ಲಿ ನೀರು ಪರೀಕ್ಷಿಸುವ ಕೆಲಸ ಸಿಕ್ಕಿತು. ನಮ್ಮೂರಿನ ಕೈಪಂಪಿಗೆ, ಕುಡಿಯಲು ಯೋಗ್ಯವಲ್ಲವೆಂದು ನಾನೇ ನಿಂತು ಕೆಂಪು ಬಣ್ಣ ಬಳಿಸಿದೆ. ವಿದ್ಯೆ ಸಾರ್ಥಕವಾಯಿತೆಂದು ಹಿಗ್ಗುವಷ್ಟರಲ್ಲಿ, ಪಕ್ಕದ ಮನೆಯ ಅಂಜಿನಮ್ಮ ಬಿಂದಿಗೆ ಕುಕ್ಕಿ ಎದುರಿಗೆ ನಿಂತಳು.

“ಏಮ್ಮಾ ಜಯಮ್ಮ, ಬಣ್ಣ ಬಳುದ್ಬುಟ್ಟೆ, ಸರಿ. ಕುಡ್ಯಾಕೆ ಯಾವ್ದೈತೆ ಅದ್ನ ತೋರ್ಸು.”

ಈ ಪ್ರಶ್ನೆ ಯಾವ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲೂ ಬಂದಿರಲಿಲ್ಲ. ಸುತ್ತಮುತ್ತಲ ನೀರನ್ನೆಲ್ಲ ಪರೀಕ್ಷಿಸಿದೆ. ಬೆಟ್ಟದ ಬುಡದಲ್ಲಿ ಮಳೆನೀರು ನಿಲ್ಲುವ ಹಳೆಯ ಕಲ್ಯಾಣಿಯದು ಮಾತ್ರ ಫ್ಲೋರೈಡ್ ಕಾಟವಿಲ್ಲದ ನೀರು. ಆದರೆ ಕಲ್ಯಾಣಿಯ ತುಂಬ ಹೂಳು. ತೆಗೆಸಿಕೊಡಿ ಎಂದು ಮೇಲಿನವರನ್ನು ಕೇಳಿದರೆ, ಬೋರಿಂಗು ಮಾತ್ರ ನಮ್ಮದು, ಕಲ್ಯಾಣಿ ದೇವಸ್ಥಾನದವರದು, ಹೂಳು ಪಂಚಾಯಿತಿಯದು ಎಂದರು. ಮಳೆಯನ್ನು ಯಾರ ಲೆಕ್ಕಕ್ಕೂ ಹಾಕದೆ ಬಿಟ್ಟದ್ದು ಅವರ ದೊಡ್ಡತನ.

ಕೊನೆಗೆ ಅಂಜಿನಮ್ಮನೇ ಕೇರಿಯ ಹೆಂಗಸರನ್ನು ಕೂಡಿಸಿದಳು. ಬೇಸಿಗೆಯಿಡೀ ರಜೆ ಸಿಕ್ಕಾಗಲೆಲ್ಲ ನಾನೂ ಅವರೊಡನೆ ಹೂಳು ಹೊತ್ತೆ. ನೋಡಲು ಬಂದ ಮಾವ ದಡದಲ್ಲೇ ನಿಂತು, “ಇದ್ಕೇನಮ್ಮ ಅಷ್ಟು ಓದಿದ್ದು?” ಎಂದರು.

“ಹೂಂ ಮಾವ, ಇದ್ಕೇ,” ಎಂದೆ.

ಮುಂಗಾರು ಕೈಕೊಟ್ಟರೂ ಹಿಂಗಾರು ಬಿತ್ತು. ತಿಳಿಯಾದ ನೀರನ್ನು ಸೋಸಿ, ಕಾಯಿಸಿ ಆರಿಸಿ, ಚೊಂಬಿನಲ್ಲಿ ಅವ್ವನ ಮುಂದಿಟ್ಟೆ. ಕೋಲನ್ನು ಗೋಡೆಗೆ ಒರಗಿಸಿ ಆಕೆ ಒಂದು ಗುಟುಕು ಕುಡಿದಳು, ಮುಖ ಕಿವುಚಿದಳು.

“ಥೂ, ಸಪ್ಪಗೈತೆ ಕಣಮ್ಮ,” ಎಂದಳು. ಆಮೇಲೆ ಚೊಂಬೆತ್ತಿ ಪೂರ್ತಿ ಕುಡಿದು, ಇನ್ನೊಂದಿಷ್ಟು ತಾ ಎಂದು ನನ್ನ ಕಡೆ ಚಾಚಿದಳು.